‘ಕನಿಷ್ಠ ಆಕ್ರಮಣಕಾರಿ’, ‘ರೋಬೋಟಿಕ್’, ‘ಪರಿವರ್ತನೆ’: ಥೈಮಸ್ ಗಡ್ಡೆಯ ಒಪ್ಪಿಗೆ ಪತ್ರಕ್ಕೆ ಪದಗಳು

ಪ್ರಶ್ನೆ: ಥೈಮೋಮ, ಅಂದರೆ ಥೈಮಸ್ ಗ್ರಂಥಿಯ ಗಡ್ಡೆ ಇರುವವರಿಗೆ ಕೊಡುವ ಒಪ್ಪಿಗೆ ಪತ್ರದ ಕನ್ನಡ ಕರಡು ನೋಡುತ್ತಿದ್ದೇನೆ. ಒಂದು ಸಾಲಿನಲ್ಲಿ ‘ಆಕ್ರಮಣಕಾರಿ ಗಡ್ಡೆ’, ಮುಂದಿನ ಸಾಲಿನಲ್ಲೇ ‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ ಎಂದಿದೆ. ‘ರೋಬೋಟಿಕ್’ ಮತ್ತು ‘ವಿಡಿಯೋ’ ವಿಧಾನಗಳ ವ್ಯತ್ಯಾಸವೂ ಹೆಸರಿನಿಂದ ತಿಳಿಯುವುದಿಲ್ಲ. ‘ಪರಿವರ್ತನೆ’ ಎಂದರೆ ಇಲ್ಲಿ ಏನು? ಬಲ್ಲವರು ತಿಳಿಸಬೇಕು.

ಉತ್ತರ: ‘ಆಕ್ರಮಣಕಾರಿ’ಯನ್ನು ಎರಡೂ ಕಡೆ ಬಿಡಿ. ಗಡ್ಡೆಯ ಮಾತು ಬಂದಲ್ಲಿ ‘ಪೊರೆ ದಾಟಿ ಅಕ್ಕಪಕ್ಕಕ್ಕೆ ಹಬ್ಬಿದ ಗಡ್ಡೆ’ ಎನ್ನಿ. ಚಿಕಿತ್ಸೆಗೆ ‘ಸಣ್ಣ ಗಾಯದ ಶಸ್ತ್ರಚಿಕಿತ್ಸೆ’ ಸಾಕು. ಎದೆಮೂಳೆಯನ್ನು ಉದ್ದಕ್ಕೆ ಸೀಳುವ ಬದಲು ಪಕ್ಕೆಲುಬುಗಳ ನಡುವೆ ಸುಮಾರು ಒಂದು ಸೆಂಟಿಮೀಟರಿನ ಮೂರು ನಾಲ್ಕು ರಂಧ್ರ ಮಾಡುತ್ತಾರೆ. ಗಡ್ಡೆಯನ್ನು ಚೀಲದೊಳಗೆ ಹಾಕಿ ಹೊರತೆಗೆಯುವಾಗ ಒಂದು ರಂಧ್ರವನ್ನು ಹಿಗ್ಗಿಸುತ್ತಾರೆ.

‘ರೋಬೋಟಿಕ್’ ಎಂದಷ್ಟೇ ಬರೆದರೆ ಯಂತ್ರವೇ ಕೊಯ್ಯುತ್ತದೆ ಎಂದು ರೋಗಿ ತಿಳಿಯುತ್ತಾರೆ. ಕೊಯ್ಯುವವರು ವೈದ್ಯರೇ. ಅವರು ಹಾಸಿಗೆಯಿಂದ ದೂರದ ಆಸನದಲ್ಲಿ ಕುಳಿತು ಯಂತ್ರದ ತೋಳುಗಳನ್ನು ನಡೆಸುತ್ತಾರೆ. ಆದ್ದರಿಂದ ‘ರೋಬೋಟ್ ನೆರವಿನ’ ಎಂದಾಗಬೇಕು. ಇನ್ನೊಂದಕ್ಕೆ ‘ವಿಡಿಯೋ ನೆರವಿನ’ ಸರಿ, ಆದರೆ ಕ್ಯಾಮೆರಾ ಎರಡರಲ್ಲೂ ಇರುವುದರಿಂದ ಒಂದು ವಿವರಣೆ ಜೊತೆಗಿರಲಿ. ನಿಜವಾದ ಭೇದ ಇರುವುದು ಮಣಿಕಟ್ಟಿನಲ್ಲಿ. ವಿಡಿಯೋ ವಿಧಾನದಲ್ಲಿ ವೈದ್ಯರ ಕೈಯಲ್ಲಿರುವುದು ಉದ್ದನೆಯ, ಬಹುಪಾಲು ನೆಟ್ಟಗಿನ ಉಪಕರಣ. ಪಕ್ಕೆಲುಬಿನ ಸಂದಿಯೇ ಅದರ ಆನಿಕೆ, ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ರೋಬೋಟ್ ಉಪಕರಣದ ತುದಿ ಮಣಿಕಟ್ಟಿನಂತೆ ಒಳಗೇ ತಿರುಗುತ್ತದೆ, ಚಿತ್ರಕ್ಕೆ ಆಳವೂ ಇರುತ್ತದೆ. ಎದೆಮೂಳೆಗೂ ಹೃದಯಕ್ಕೂ ನಡುವಿನ ಇಕ್ಕಟ್ಟಿನಲ್ಲಿ, ಕುತ್ತಿಗೆಯತ್ತ ಏರುವ ಗ್ರಂಥಿಯ ಕೊಂಬುಗಳನ್ನು ಬಿಡಿಸುವಾಗ ಇದು ದೊಡ್ಡ ಅನುಕೂಲ.

ಅನಾನುಕೂಲವನ್ನೂ ಬರೆಯಲೇಬೇಕು. ಬಳಕೆಯಲ್ಲಿರುವ ಹೆಚ್ಚಿನ ರೋಬೋಟ್‌ಗಳಲ್ಲಿ ಎಳೆತದ ಬಲ ಕೈಗೆ ತಿಳಿಯುವುದಿಲ್ಲ, ಕಣ್ಣಿನಿಂದಲೇ ಅಳೆಯಬೇಕು. ಥೈಮೋಮದಲ್ಲಿ ಇದು ಸಣ್ಣ ಮಾತಲ್ಲ. ಯಾವ ವಿಧಾನದಲ್ಲೇ ಆಗಲಿ ಗಡ್ಡೆಯನ್ನು ನೇರವಾಗಿ ಹಿಡಿಯಬಾರದು, ಸುತ್ತಲಿನ ಕೊಬ್ಬನ್ನು ಹಿಡಿದೇ ಎಳೆಯಬೇಕು. ಪೊರೆ ಹರಿದರೆ ಜೀವಕೋಶಗಳು ಎದೆಗೂಡಿನ ಒಳಪದರದ ಮೇಲೆ ಉದುರಿ, ವರ್ಷಗಳ ನಂತರ ಅಲ್ಲೇ ಹೊಸ ಗಡ್ಡೆಗಳಾಗಿ ಕಾಣಿಸಿಕೊಳ್ಳಬಹುದು.

‘ಪರಿವರ್ತನೆ’ ಎಂದರೆ ನಡುವೆ ಸಣ್ಣ ರಂಧ್ರದ ವಿಧಾನ ಕೈಬಿಟ್ಟು ಎದೆ ತೆರೆಯುವುದು. ಗ್ರಂಥಿಯ ಪುಟ್ಟ ಅಭಿಧಮನಿಗಳು ಸೇರುವ ದೊಡ್ಡ ಅಭಿಧಮನಿ ಅದರ ಹಿಂದೆಯೇ ಹಾದುಹೋಗುತ್ತದೆ. ಜೋರಾಗಿ ಎಳೆದರೆ ಕವಲು ಬುಡದಲ್ಲೇ ಕಿತ್ತು ರಕ್ತ ಚಿಮ್ಮುತ್ತದೆ. ವಿಡಿಯೋ ವಿಧಾನದಲ್ಲಿ ವೈದ್ಯರು ಪಕ್ಕದಲ್ಲೇ ನಿಂತಿರುತ್ತಾರೆ. ರೋಬೋಟ್ ಆದರೆ ಹಾಸಿಗೆ ಬಳಿಯ ಸಹಾಯಕರು ಒತ್ತಿ ಹಿಡಿದಿರುವಾಗ ತೋಳುಗಳನ್ನು ಬಿಚ್ಚಿ ಸರಿಸಬೇಕು, ಮುಖ್ಯ ವೈದ್ಯರು ಕೈತೊಳೆದು ಬರಬೇಕು. ಗಡ್ಡೆ ಅಭಿಧಮನಿಗೆ ಅಂಟಿದ್ದರೂ ತೆರೆಯುವುದೇ ಸರಿಯಾದ ನಿರ್ಧಾರ. ಹಾಗಾಗಿ ‘ವಿಫಲವಾದರೆ’ ಎಂದು ಬರೆಯಬೇಡಿ. ‘ಗಡ್ಡೆಯನ್ನು ಇಡಿಯಾಗಿ ತೆಗೆಯಲು ಅಥವಾ ರಕ್ತಸ್ರಾವ ತಡೆಯಲು ಎದೆಮೂಳೆ ಸೀಳಬೇಕಾಗಬಹುದು’ ಎಂದು ಬಿಡಿಸಿ ಬರೆಯಿರಿ.

ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಿನ, ನರಕ್ಕೆ ಪೆಟ್ಟಾದರೆ ಉಸಿರಾಟ ಕುಗ್ಗುವ ಸಂಗತಿಗೂ ಒಂದು ಸಾಲು ಬೇಕು. ಮಯಾಸ್ಥೀನಿಯ, ಅಂದರೆ ಥೈಮೋಮದ ಜೊತೆ ಕಾಣಿಸಿಕೊಳ್ಳಬಹುದಾದ ಸ್ನಾಯು ದುರ್ಬಲಗೊಳ್ಳುವ ಕಾಯಿಲೆ, ಇರುವವರಿಗೆ ಅದು ಇನ್ನೂ ಕಷ್ಟ. ‘ಥೈಮಸ್’ ಮೊದಲು ಬರುವಲ್ಲಿ ‘ಎದೆಮೂಳೆಯ ಹಿಂದಿನ ಗ್ರಂಥಿ’ ಎಂದು ಸೇರಿಸಿ, ಕತ್ತಿನ ಥೈರಾಯ್ಡ್ ಎಂದು ಓದಿಕೊಳ್ಳುವುದು ಬಹಳ ಸುಲಭ.