ಮಗಳಿಗೆ ‘ಟೂ-ಟೂ’ ಬಂದಿದೆ, ಮುಂದೇನು ಎಂಬ ಪ್ರಶ್ನೆಗೆ

ಆತ್ಮೀಯ ಬಂಧುಗಳೇ,

ಮಗಳು ಪದವಿಯಲ್ಲಿ ಟೂ-ಟೂ, ಅಂದರೆ ಸೆಕೆಂಡ್ ಕ್ಲಾಸಿನ ಕೆಳದರ್ಜೆ, ಪಡೆದಿದ್ದಾಳೆ, ಅವಳಿಗೆ ಇನ್ನು ಒಳ್ಳೆಯ ಕೆಲಸ ಸಿಕ್ಕೀತೇ, ಊರಿನಲ್ಲಿರುವ ಅಜ್ಜ-ಅಜ್ಜಿಗೆ ಏನೆಂದು ಹೇಳಲಿ ಎಂದು ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡಿಗರ ಗುಂಪಿನ ಸೋದರಿಯೊಬ್ಬರು ಕಳೆದ ವಾರ ಕೇಳಿದ್ದರು. ಬಂದ ಉತ್ತರಗಳಲ್ಲಿ ಅರ್ಧದಷ್ಟು ‘ಈ ದೇಶದಲ್ಲಿ ಅಂಕಕ್ಕೆ ಬೆಲೆಯೇ ಇಲ್ಲ, ಚಿಂತಿಸಬೇಡಿ’ ಎಂದರೆ, ಉಳಿದರ್ಧ ‘ಕೂಡಲೇ ಎಂಎಸ್‌ಸಿಗೆ ಸೇರಿಸಿಬಿಡಿ’ ಎಂದವು. ನನ್ನ ಮಗನೂ 2019ರಲ್ಲಿ ಇದೇ ದರ್ಜೆ ಪಡೆದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವನು. ಆ ಅನುಭವದಿಂದ ನೋಡಿದರೆ ಎರಡೂ ಮಾತು ಪೂರ್ತಿ ಸರಿಯಲ್ಲವೆಂದು ತೋರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಿವಿಗಳ ವಿಚಾರ. ಕರ್ನಾಟಕದಲ್ಲಿ ಓದಿ ಬಂದ ನಮಗೆ ಶೇಕಡಾ 60 ಎಂದರೆ ಫಸ್ಟ್ ಕ್ಲಾಸ್, 70 ದಾಟಿದರೆ ಡಿಸ್ಟಿಂಕ್ಷನ್. ಇಲ್ಲಿ 70 ದಾಟಿದರೆ ಮಾತ್ರ ಫಸ್ಟ್. 60ರಿಂದ 69ರವರೆಗೆ ಸೆಕೆಂಡ್ ಕ್ಲಾಸಿನ ಮೇಲಿನ ಭಾಗ, ಅಂದರೆ ಟೂ-ಒನ್. 50ರಿಂದ 59 ಅದರ ಕೆಳಭಾಗವಾದ ಟೂ-ಟೂ. 40ರ ಮೇಲಿನದು ಥರ್ಡ್. ‘ಸೆಕೆಂಡ್ ಕ್ಲಾಸ್’ ಎಂದೊಡನೆ ನಮ್ಮ ತಲೆಮಾರಿನವರ ಮುಖ ಸಪ್ಪಗಾಗುತ್ತದೆ. ಆದರೆ ಪ್ರಬಂಧ ಬರೆಯುವ ವಿಷಯಗಳಲ್ಲಿ ಇಲ್ಲಿನ ಅಧ್ಯಾಪಕರು 75 ಕೊಡುವುದೇ ಅಪರೂಪ, 80 ಕೊಟ್ಟರೆ ಅದನ್ನು ಸಹೋದ್ಯೋಗಿಗಳಿಗೂ ತೋರಿಸುವಷ್ಟು ಮೆಚ್ಚಿದ್ದಾರೆಂದು ಅರ್ಥ. ಹೀಗಾಗಿ ಇತಿಹಾಸದಲ್ಲಿ 68 ಪಡೆದ ಮಗುವಿಗೆ ‘ಉಳಿದ ಮೂವತ್ತೆರಡು ಎಲ್ಲಿ ಹೋಯಿತು’ ಎಂದು ಕೇಳುವುದು ಅನ್ಯಾಯ. ನಾನೂ ಒಮ್ಮೆ ಕೇಳಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ. ಇನ್ನು ಟೂ-ಟೂ ಪಡೆದವರನ್ನು ಇಲ್ಲಿನ ವಿದ್ಯಾರ್ಥಿಗಳು ‘ಡೆಸ್ಮಂಡ್’ ಎಂದು ಚುಡಾಯಿಸುವುದುಂಟು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಹೆಸರಿನ ಮೇಲಿನ ಶ್ಲೇಷೆ ಅದು. ನೊಬೆಲ್ ಶಾಂತಿ ಪುರಸ್ಕೃತರ ಹೆಸರಿನಲ್ಲಿ ಬೈಸಿಕೊಳ್ಳುವುದು ಅಷ್ಟೇನೂ ಅವಮಾನವಲ್ಲ ಎಂದು ನನ್ನ ಮಗ ಆಗ ನಗುತ್ತ ಹೇಳಿದ್ದ, ಆದರೆ ಆ ನಗು ಬಾಯಿಯ ಮಟ್ಟದ್ದಾಗಿತ್ತು.

ಹಾಗೆಂದು ದರ್ಜೆಗೆ ಬೆಲೆಯಿಲ್ಲವೆಂದಲ್ಲ. ದೊಡ್ಡ ಸಂಸ್ಥೆಗಳು ಪದವೀಧರರನ್ನು ಸೇರಿಸಿಕೊಳ್ಳುವ ಯೋಜನೆಗಳಲ್ಲಿ ಕೆಲವು ನೂರು ಹುದ್ದೆಗಳಿಗೆ ಸಾವಿರಾರು ಅರ್ಜಿಗಳು ಬರುತ್ತವೆ. ಅವನ್ನೆಲ್ಲ ಓದಲಾಗದೆ, ಆನ್‌ಲೈನ್ ಫಾರಮ್ಮಿನಲ್ಲಿ ‘ಟೂ-ಒನ್ ಇದೆಯೇ’ ಎಂಬ ಒಂದೇ ಪ್ರಶ್ನೆಯಿಂದ ಹಲವನ್ನು ಜರಡಿ ಹಿಡಿಯುವ ಪದ್ಧತಿ ಬಹುಕಾಲ ನಡೆದು ಬಂದಿದೆ. ನಮ್ಮಲ್ಲಿ ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳು ಹತ್ತನೇ ತರಗತಿಯಿಂದ ಪದವಿಯವರೆಗೆ ಎಲ್ಲದರಲ್ಲೂ 60 ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎನ್ನುತ್ತವಲ್ಲ, ಹೆಚ್ಚುಕಡಿಮೆ ಹಾಗೆಯೇ. ಆದರೆ ಈಚಿನ ವರ್ಷಗಳಲ್ಲಿ ಆ ಜರಡಿಯ ಕಣ್ಣು ಹಿಗ್ಗಿದೆ. ಇಂಗ್ಲೆಂಡಿನಲ್ಲಿ 2010-11ರಲ್ಲಿ ನೂರರಲ್ಲಿ ಸುಮಾರು 16 ಮಂದಿಗೆ ಸಿಗುತ್ತಿದ್ದ ಫಸ್ಟ್, ಕೋವಿಡ್ ಕಾಲದ 2020-21ಕ್ಕೆ 37ಕ್ಕೂ ಹೆಚ್ಚು ಮಂದಿಗೆ ಸಿಕ್ಕಿತು. ಮುಂದೆ ಸ್ವಲ್ಪ ಇಳಿಯಿತು. ಎಲ್ಲರ ಕೈಯಲ್ಲೂ ಇರುವ ಚೀಟಿಯಿಂದ ಯಾರನ್ನು ಆಯ್ದುಕೊಳ್ಳುವುದು? ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಾದ ಅರ್ನ್ಸ್ಟ್ ಅಂಡ್ ಯಂಗ್ 2015ರಲ್ಲಿಯೂ ಪಿಡಬ್ಲ್ಯುಸಿ 2022ರಲ್ಲಿಯೂ ಟೂ-ಒನ್ ಬೇಕೆಂಬ ಷರತ್ತನ್ನು ಕೈಬಿಡುವುದಾಗಿ ಪ್ರಕಟಿಸಿದವು. ಆದರೆ ಅದರ ಜಾಗಕ್ಕೆ ಬಂದದ್ದು ಕರುಣೆಯಲ್ಲ. ಗಣಿತ, ತರ್ಕ ಮತ್ತು ಸಂದರ್ಭ ನಿರ್ಣಯದ ಆನ್‌ಲೈನ್ ಪರೀಕ್ಷೆಗಳು, ಕ್ಯಾಮೆರಾದ ಮುಂದೆ ಒಬ್ಬರೇ ಕುಳಿತು ಉತ್ತರಿಸುವ ಸಂದರ್ಶನಗಳು. ಅವಕ್ಕೂ ತಾಲೀಮು ಬೇಕು.

ವಿಷಯದಿಂದ ವಿಷಯಕ್ಕೂ ಲೆಕ್ಕ ಬದಲಾಗುತ್ತದೆ. ವೈದ್ಯಕೀಯ ಪದವಿಗೆ ಇಲ್ಲಿ ಫಸ್ಟ್, ಸೆಕೆಂಡ್ ಎಂಬ ದರ್ಜೆಯೇ ಇಲ್ಲ. ಮೊದಲೆಲ್ಲ ತರಗತಿಯಲ್ಲಿ ಪಡೆದ ಸ್ಥಾನ ಹೊಸ ವೈದ್ಯರಿಗೆ ಯಾವ ಊರು ಸಿಗುತ್ತದೆಂಬುದರ ಮೇಲೆ ಪ್ರಭಾವ ಬೀರುತ್ತಿತ್ತು. 2024ರಿಂದ ಕಂಪ್ಯೂಟರ್ ಕೊಡುವ ಕ್ರಮಸಂಖ್ಯೆ ಮತ್ತು ಅಭ್ಯರ್ಥಿಯ ಆಯ್ಕೆಯ ಮೇಲೆ ಹಂಚಿಕೆ ನಡೆಯುತ್ತಿದೆ. ಬ್ಯಾರಿಸ್ಟರ್ ತರಬೇತಿಗೆ ಕನಿಷ್ಠ ಟೂ-ಟೂ ಬೇಕು, ಆದರೆ ಹೆಸರುವಾಸಿಯಾದ ಕಾನೂನು ಸಂಸ್ಥೆಗಳು ಸಾಮಾನ್ಯವಾಗಿ ಟೂ-ಒನ್‌ಗಿಂತ ಕೆಳಗೆ ನೋಡುವುದಿಲ್ಲ. ವಿದ್ಯಾರ್ಥಿವೇತನದ ಪಿಎಚ್‌ಡಿಗೂ ಅಷ್ಟೇ. ಶಿಕ್ಷಕ ತರಬೇತಿಗೆ, ಅದರಲ್ಲೂ ಗಣಿತ ಮತ್ತು ಭೌತಶಾಸ್ತ್ರಕ್ಕೆ ಸಿಗುವ ಸರ್ಕಾರಿ ಧನಸಹಾಯಕ್ಕೆ ಟೂ-ಟೂ ಸಾಕು. ಅರ್ಥಶಾಸ್ತ್ರ ಮತ್ತು ಕಾನೂನು ಓದಿದವರ ಸಂಬಳದಲ್ಲಿ ದರ್ಜೆಯ ವ್ಯತ್ಯಾಸ ಎದ್ದು ಕಾಣುತ್ತದೆ; ಶಿಕ್ಷಣದಂತಹ ವಿಷಯಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನಾವು ತಂದೆತಾಯಿಗಳು ನಿಜವಾಗಿ ಎಡವುವುದು ಅಂಕದಲ್ಲಲ್ಲ, ಪಂಚಾಂಗದಲ್ಲಿ. ನಮ್ಮಲ್ಲಿ ಮೊದಲು ಫಲಿತಾಂಶ, ಆಮೇಲೆ ಕೆಲಸದ ಹುಡುಕಾಟ ಎಂಬ ಕ್ರಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಇಲ್ಲಿ ಫಲಿತಾಂಶ ಬರುವುದು ಜೂನ್-ಜುಲೈನಲ್ಲಾದರೆ, ದೊಡ್ಡ ಸಂಸ್ಥೆಗಳ ಅರ್ಜಿ ಆರಂಭವಾಗುವುದು ಅದಕ್ಕೂ ಹತ್ತು ತಿಂಗಳ ಹಿಂದಿನ ಸೆಪ್ಟೆಂಬರಿನಲ್ಲಿ. ಹಲವು ಕಡೆ ಕ್ರಿಸ್‌ಮಸ್‌ಗೆ ಮೊದಲೇ ಜಾಗ ತುಂಬಿಹೋಗಿರುತ್ತದೆ. ಅದಕ್ಕೂ ಹಿಂದೆ ಹೋದರೆ, ಅವರಲ್ಲಿ ಅನೇಕರನ್ನು ಎರಡನೇ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್ಪಿನಲ್ಲಿಯೇ ನೋಡಿ ಆರಿಸಿಕೊಂಡಿರುತ್ತಾರೆ. ಬ್ಯಾಂಕುಗಳಂತೂ ಮೊದಲ ವರ್ಷದ ಈಸ್ಟರ್ ರಜೆಯಲ್ಲಿಯೇ ‘ಸ್ಪ್ರಿಂಗ್ ವೀಕ್’ ಎಂದು ಒಂದು ವಾರ ಕರೆಸಿಕೊಳ್ಳುತ್ತವೆ. ಮೊದಲ ವರ್ಷದ ಅಂಕ ಅಂತಿಮ ದರ್ಜೆಗೆ ಸಾಮಾನ್ಯವಾಗಿ ಸೇರುವುದಿಲ್ಲ, ಆದ್ದರಿಂದ ಪಾಸಾದರೆ ಸಾಕೆಂದು ಮಕ್ಕಳು ಆರಾಮವಾಗಿರುವ ಆ ವರ್ಷವೇ ಕೆಲವು ಬಾಗಿಲುಗಳು ಮುಚ್ಚತೊಡಗುತ್ತವೆ ಎಂಬುದು ವಿಚಿತ್ರವಾದರೂ ನಿಜ.

ನನ್ನ ಮಗನ ಕಥೆ ಹೀಗಾಯಿತು. ಕೊನೆಯ ವರ್ಷದ ನವೆಂಬರಿನಲ್ಲಿ ಅವನಿಗೊಂದು ದೊಡ್ಡ ಕಂಪನಿಯಿಂದ ಕೆಲಸದ ಪತ್ರ ಬಂತು, ಟೂ-ಒನ್ ಬರಬೇಕೆಂಬ ಷರತ್ತಿನೊಂದಿಗೆ. ಜನವರಿಯಲ್ಲಿ ಶಿವಮೊಗ್ಗದಲ್ಲಿದ್ದ ನನ್ನ ತಂದೆ ತೀರಿಕೊಂಡರು. ಅಜ್ಜನ ತೊಡೆಯ ಮೇಲೆ ಬೆಳೆದ ಹುಡುಗ, ಹದಿಮೂರನೇ ದಿನದ ಕಾರ್ಯ ಮುಗಿಸಿಕೊಂಡು ಹಿಂದಿರುಗಿ, ಎರಡು ಪರೀಕ್ಷೆಗಳನ್ನು ಹೇಗೋ ಬರೆದ. ವೈಯಕ್ತಿಕ ಸಂಕಷ್ಟವಿದ್ದಾಗ ವಿಶ್ವವಿದ್ಯಾಲಯಕ್ಕೆ ತಿಳಿಸಿ ಪರೀಕ್ಷೆಯನ್ನು ಮುಂದೂಡಿಸಿಕೊಳ್ಳುವ ಅಥವಾ ಪರಿಗಣನೆ ಕೋರುವ ವ್ಯವಸ್ಥೆಯಿದೆ. ಅದಕ್ಕೆ ಅರ್ಜಿ ಹಾಕೆಂದು ಅವನ ಸ್ನೇಹಿತರು ಹೇಳಿದರೆ, ‘ಮನೆಯ ದುಃಖವನ್ನು ಹೊರಗಿನವರ ಮುಂದೆ ಹೇಳಿಕೊಂಡು ಅಂಕ ಕೇಳುವುದೇ?’ ಎಂದು ತಡೆದವನು ನಾನೇ. ಜುಲೈನಲ್ಲಿ 58.6 ಬಂತು. ಆಗ ಅರ್ಜಿ ಹಾಕಹೋದರೆ, ಪರೀಕ್ಷಾ ಮಂಡಳಿ ಸೇರುವ ಮುಂಚೆಯೇ ತಿಳಿಸಬೇಕಿತ್ತು, ಅಷ್ಟು ದಿನ ಸುಮ್ಮನಿದ್ದುದಕ್ಕೆ ಬಲವಾದ ಕಾರಣ ಕೊಡಿ ಎಂದರು. ನಮ್ಮ ಬಳಿ ಇದ್ದ ಕಾರಣ ನನ್ನ ಸಂಕೋಚವೊಂದೇ. ಕಂಪನಿ ಎರಡು ಸಾಲಿನ ಪತ್ರ ಬರೆದು ಕೆಲಸ ಹಿಂತೆಗೆದುಕೊಂಡಿತು.

ಏಳು ತಿಂಗಳ ನಂತರ ಇಂಗ್ಲೆಂಡಿನ ನಡುಭಾಗವಾದ ಮಿಡ್‌ಲ್ಯಾಂಡ್ಸ್‌ನ ಐವತ್ತು ಜನರ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಸಣ್ಣ ಸಂಸ್ಥೆಗಳು ವರ್ಷವಿಡೀ ಜನರನ್ನು ತೆಗೆದುಕೊಳ್ಳುತ್ತವೆ, ಜರಡಿ ಹಿಡಿಯುವಷ್ಟು ಅರ್ಜಿಗಳೂ ಅವಕ್ಕೆ ಬರುವುದಿಲ್ಲ; ಅಲ್ಲಿನ ಮುಖ್ಯಸ್ಥರು ಅವನ ಪ್ರಾಜೆಕ್ಟ್ ವರದಿಯನ್ನು ಓದಿ, ಅದರ ಮೇಲೆಯೇ ಒಂದು ಗಂಟೆ ಪ್ರಶ್ನೆ ಕೇಳಿದರಂತೆ. ಜೊತೆಯಲ್ಲಿ ಓದಿದವರಿಗಿಂತ ಸಂಬಳ ಮೂರ್ನಾಲ್ಕು ವರ್ಷ ಕಡಿಮೆಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ಕೆಲಸಕ್ಕೆ ಹೋಗುವಾಗ ಮಾತ್ರ ಯಾರೂ ದರ್ಜೆ ಕೇಳಲಿಲ್ಲ, ಅವನೂ ತನ್ನ ಸಿವಿಯಲ್ಲಿ ಪದವಿಯ ಹೆಸರನ್ನಷ್ಟೇ ಉಳಿಸಿಕೊಂಡಿದ್ದ. ಹೀಗೆ ಬರೆಯದೆ ಬಿಡುವುದು ತಪ್ಪಲ್ಲ, ಆದರೆ 58ನ್ನು 60 ಎಂದು ಬರೆಯುವುದು ವಂಚನೆ. ಇಲ್ಲಿ ಪದವಿಯನ್ನು ಆನ್‌ಲೈನಿನಲ್ಲಿ ತಾಳೆ ನೋಡುವ ಸೇವೆಯೇ ಇದೆ.

ಎಂಎಸ್‌ಸಿ ಸಲಹೆಯ ಬಗ್ಗೆ ಒಂದು ಮಾತು. ಅದರಲ್ಲಿ ಮೆರಿಟ್ ಅಥವಾ ಡಿಸ್ಟಿಂಕ್ಷನ್ ಬಂದರೆ ಕೆಲವರು ಹಳೆಯ ಟೂ-ಟೂವನ್ನು ಮನ್ನಿಸುತ್ತಾರೆ, ಎಲ್ಲರೂ ಅಲ್ಲ. ಯಾವ ವಿಷಯವೆಂದು ತಿಳಿಯದೆ, ಸುಮ್ಮನೆ ಕಲೆ ತೊಳೆಯುವುದಕ್ಕೆಂದು ಸೇರುವುದಾದರೆ ಮೇಲೊಂದು ಸಾಲವಷ್ಟೇ. ಊರಿನಿಂದ ವಿದ್ಯಾರ್ಥಿ ವೀಸಾದಲ್ಲಿ ಬಂದ ತಮ್ಮಂದಿರು, ತಂಗಿಯರು ಈ ಗುಂಪಿನಲ್ಲಿದ್ದಾರೆ. ಅವರ ಲೆಕ್ಕವೇ ಬೇರೆ. ಓದು ಮುಗಿದ ಮೇಲೆ ಇಲ್ಲಿಯೇ ಉಳಿದು ದುಡಿಯಲು ಬಿಡುವ, 2021ರಲ್ಲಿ ಆರಂಭವಾದ ಗ್ರ್ಯಾಜುಯೇಟ್ ವೀಸಾ ದರ್ಜೆಯನ್ನು ಕೇಳುವುದಿಲ್ಲ, ಪದವಿ ಮುಗಿದಿದ್ದರೆ ಸಾಕು. ಆದರೆ ಈಗಿರುವ ಎರಡು ವರ್ಷಗಳ ಅವಧಿ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಆಮೇಲೆ ಕೆಲಸ ಕೊಡುವವರ ಪ್ರಾಯೋಜನೆಯಲ್ಲಿ ಸಿಗುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈನಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ವೃತ್ತಿಗೆ ಹೊಸಬರಾದವರಿಗೆ 33,400 ಪೌಂಡ್. ನನ್ನ ಮಗನಂತೆ ಸಣ್ಣ ಕಾರ್ಖಾನೆಯಿಂದ ಶುರುಮಾಡುವ ದಾರಿ, ಪ್ರಾಯೋಜಕರೂ ಈ ಮಟ್ಟದ ಸಂಬಳವೂ ಬೇಕಾದ ಅವರಿಗೆ ಅಷ್ಟು ಸುಲಭವಾಗಿ ತೆರೆದಿಲ್ಲ. ‘ಅಂಕಕ್ಕೆ ಬೆಲೆಯಿಲ್ಲ’ ಎಂದು ಅವರಿಗೆ ಹೇಳುವ ಮುನ್ನ ನಾವು, ಇಲ್ಲಿ ನೆಲೆನಿಂತವರು, ಒಂದು ಕ್ಷಣ ಯೋಚಿಸಬೇಕು.

ಸೋದರಿಯವರಿಗೆ ನನ್ನ ಸಲಹೆ ಇಷ್ಟು. ಮಗಳ ಅಂಕಪಟ್ಟಿಯನ್ನು ವಿಷಯವಾರು ತೆಗೆದು ನೋಡಿ; ಒಟ್ಟು ಟೂ-ಟೂ ಆಗಿದ್ದರೂ ಕೊನೆಯ ವರ್ಷದ ಪ್ರಾಜೆಕ್ಟಿಗೋ ಆಯ್ದ ವಿಷಯಕ್ಕೋ 65 ದಾಟಿರಬಹುದು, ಸಿವಿಯಲ್ಲಿ ಬರೆಯಬೇಕಾದದ್ದು ಅದು. ಅವಳು ಓದಿದ ವಿಶ್ವವಿದ್ಯಾಲಯದ ವೃತ್ತಿ ಮಾರ್ಗದರ್ಶನ ವಿಭಾಗವನ್ನು ಈ ವಾರವೇ ಸಂಪರ್ಕಿಸಲಿ. ಪದವಿ ಮುಗಿದ ಮೇಲೂ ಒಂದೆರಡು ವರ್ಷ ಹಳೆಯ ವಿದ್ಯಾರ್ಥಿಗಳಿಗೆ ಅವರು ನೆರವಾಗುವುದು ಸಾಮಾನ್ಯ. ಓದುವಾಗ ಅಂಗಡಿಯಲ್ಲಿಯೋ ಕೆಫೆಯಲ್ಲಿಯೋ ದುಡಿದಿದ್ದರೆ ಅದನ್ನು ನಾಚಿಕೆಯಿಂದ ಬಿಡುವುದು ಬೇಡ. ಸೆಪ್ಟೆಂಬರಿನ ಅರ್ಜಿಗಳು ಶುರುವಾಗಲು ಇನ್ನು ಹೆಚ್ಚು ದಿನಗಳಿಲ್ಲ, ಕಳೆದ ವರ್ಷದ ಪದವೀಧರರೂ ಅವಕ್ಕೆ ಹೆಚ್ಚಾಗಿ ಅರ್ಹರೇ. ಅಜ್ಜ-ಅಜ್ಜಿಗೆ ಬೇಕಾದರೆ ನಾನೇ ಫೋನ್ ಮಾಡಿ ಇಲ್ಲಿನ 58ರ ಲೆಕ್ಕವನ್ನು ವಿವರಿಸುತ್ತೇನೆ. ಆ ಮಾತನ್ನು ನನ್ನ ತಾಯಿಗೆ ಹೇಳಿ ಅಭ್ಯಾಸವಾಗಿದೆ.