ವೃದ್ಧಾಶ್ರಮದ ರಿಜಿಸ್ಟರಿನಲ್ಲಿ ದಿನವೂ 120/80: ನೋಡುವವರು ಯಾರು, ನೋಡಬೇಕಾದದ್ದು ಏನು?

ಪುಣೆಯಲ್ಲಿರುವ ಹುಬ್ಬಳ್ಳಿಯವ:

ನನ್ನ ಅವ್ವನಿಗೆ 81 ವರ್ಷ. ಎರಡು ವರ್ಷಗಳಿಂದ ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಒಂದು ವೃದ್ಧಾಶ್ರಮದಲ್ಲಿದ್ದಾಳೆ. ನಾನು ಪುಣೆಯಲ್ಲಿ ನೌಕರಿಯಲ್ಲಿದ್ದು, ತಿಂಗಳಿಗೊಮ್ಮೆ ಬರಬೇಕೆಂದುಕೊಂಡರೂ ಎರಡು ತಿಂಗಳಿಗೊಮ್ಮೆ ಬರುವುದಷ್ಟೇ ಆಗುತ್ತಿದೆ. ಕಳೆದ ತಿಂಗಳು ಬೆಳಗಿನ ಜಾವ ಬಚ್ಚಲಿಗೆ ಹೋಗಲೆಂದು ಎದ್ದವಳು ಮಂಚದ ಪಕ್ಕದಲ್ಲೇ ಕುಸಿದು ಬಿದ್ದಳು. ಪುಣ್ಯಕ್ಕೆ ಟೊಂಕದ ಎಲುಬು ಮುರಿಯಲಿಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ ತೂಕ 47 ಕಿಲೋ ಇತ್ತು. ಐದು ತಿಂಗಳ ಹಿಂದೆ ಕಣ್ಣಿನ ಪೊರೆ ತೆಗೆಸುವ ಮುನ್ನ ಬರೆದ ಚೀಟಿಯಲ್ಲಿ 54 ಇದೆ. ಮಲಗಿದಾಗ 138 ಇದ್ದ ಮೇಲಿನ ಬಿಪಿ ಎದ್ದು ನಿಂತ ಕೂಡಲೇ 104ಕ್ಕೆ ಇಳಿಯಿತು.

ಆಶ್ರಮಕ್ಕೆ ಹೋಗಿ ರಿಜಿಸ್ಟರ್ ಕೇಳಿದೆ, ಅಡ್ಡಿಯಿಲ್ಲದೆ ಕೊಟ್ಟರು. ಅವ್ವನ ಹೆಸರಿನ ಮುಂದೆ ಮೂರು ತಿಂಗಳ ಉದ್ದಕ್ಕೂ, ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ದಿನವೂ 120/80 ಎಂದು ಬರೆದಿದೆ. ಅವಳು ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ಎರಡು ದಿನವೂ ಆಶ್ರಮದಲ್ಲಿ ಅವಳ ಬಿಪಿ 120/80 ಇತ್ತು! ತೂಕಕ್ಕೆ ಕಾಲಮ್ಮೇ ಇಲ್ಲ. ನಾನು ನನ್ನ ಖರ್ಚಿನಲ್ಲಿ ಯಂತ್ರಗಳನ್ನು ತಂದಿಡಬೇಕೇ, ಆಶ್ರಮವನ್ನೇ ಬದಲಿಸಬೇಕೇ, ತಿಳಿದವರು ಹೇಳಬೇಕು.

ನವನಗರದ ಎಂಜಿನಿಯರ್:

ಮನುಷ್ಯ ಬರೆಯುವ ರಿಜಿಸ್ಟರನ್ನು ನಂಬಿದ್ದೇ ಮೊದಲ ತಪ್ಪು ಎಂಬುದು ನನ್ನ ಅಭಿಪ್ರಾಯ. ಓದಿದ ಅಂಕಿಯನ್ನು ತಾನೇ ಮೊಬೈಲಿಗೆ ಕಳಿಸುವ ಬಿಪಿ ಯಂತ್ರಗಳು ಈಗ ಸಾಮಾನ್ಯ ಅಂಗಡಿಗಳಲ್ಲೂ ಸಿಗುತ್ತವೆ. ಬಿದ್ದರೆ ಸೂಚನೆ ಕೊಡುವ ಕೈಗಡಿಯಾರಗಳಿವೆ, ಹಾಸಿಗೆಯ ಕೆಳಗಿಡುವ ಸೆನ್ಸರ್‌ಗಳಿವೆ. ಕೋಣೆಯಲ್ಲೊಂದು ಕ್ಯಾಮೆರಾ ಇದ್ದರೆ ನೀವು ಪುಣೆಯಲ್ಲಿ ಕುಳಿತೇ ಎಲ್ಲವನ್ನೂ ನೋಡಬಹುದು. ಯಂತ್ರಕ್ಕೆ ಅಂಕಿ ಕಟ್ಟಿ ಬರೆಯಲು ಬರುವುದಿಲ್ಲ.

ಗದಗಿನ ನಿವೃತ್ತ ನರ್ಸ್:

ಸರ್, ನಿಮ್ಮ ತಾಯಿಯವರು ಬಿದ್ದದ್ದು ಒಂದು ಬೆಳಗಿನ ಸಂಗತಿಯಲ್ಲ, ಐದು ತಿಂಗಳ ಸಂಗತಿ. ಆರು ತಿಂಗಳಲ್ಲಿ ತೂಕದ ಹತ್ತನೆಯ ಒಂದು ಭಾಗ, ಅಥವಾ ಒಂದೇ ತಿಂಗಳಲ್ಲಿ ಇಪ್ಪತ್ತನೆಯ ಒಂದು ಭಾಗ ತಾನಾಗಿಯೇ ಇಳಿದರೆ ಕಾರಣ ಹುಡುಕಲೇಬೇಕು ಎಂದು ನಮಗೆ ಕಲಿಸಿದ್ದರು. ಅವರದು ಆ ಗೆರೆಯನ್ನು ದಾಟಿದೆ. ತೂಕ ಇಳಿದರೂ, ಊಟ ಕಡಿಮೆಯಾದರೂ ಬಿಪಿಯ ಗುಳಿಗೆ ಮೊದಲಿನಷ್ಟೇ ಮುಂದುವರಿದಿರಬೇಕು. ರಾತ್ರಿ ಪದೇ ಪದೇ ಏಳುವುದು ಬೇಡವೆಂದು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಡುವ ಅಜ್ಜಿಯರು ನನ್ನ ವಾರ್ಡಿನಲ್ಲಿ ಬಹಳ ಮಂದಿ ಇದ್ದರು, ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಇವೆಲ್ಲ ಕೂಡಿದಾಗ ಎದ್ದು ನಿಂತ ಕೂಡಲೇ ರಕ್ತದೊತ್ತಡ ಇಳಿದು ಕಣ್ಣಿಗೆ ಕತ್ತಲೆ ಬರುತ್ತದೆ. ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಮೇಲೆ ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೊಮ್ಮೆ ಬಿಪಿ ನೋಡಬೇಕು. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಬೇಕು. ಕುಳ್ಳಿರಿಸಿ ಮಾತ್ರ ನೋಡಿದರೆ, ಸುಳ್ಳು ಬರೆಯದ ಯಂತ್ರವೂ ಇದನ್ನು ಹೇಳುವುದಿಲ್ಲ, ಎಂಜಿನಿಯರ್ ಸರ್.

ಇನ್ನೊಂದು ಪ್ರಶ್ನೆ. ನಿಮ್ಮ ತಾಯಿಯವರಿಗೆ ಹಲ್ಲಿನ ಸೆಟ್ ಇದೆಯೇ? ಮೈ ಇಳಿದಾಗ ವಸಡಿನ ಮೇಲೆ ಸೆಟ್ ಸಡಿಲವಾಗುತ್ತದೆ, ಸಡಿಲವಾದ ಮೇಲೆ ಜೋಳದ ರೊಟ್ಟಿ ಅಗಿಯಲು ಆಗುವುದಿಲ್ಲ, ಉಣ್ಣದ ಮೇಲೆ ಮೈ ಇನ್ನೂ ಇಳಿಯುತ್ತದೆ. ತಟ್ಟೆ ಎತ್ತುವ ಆಯಾಳಿಗೆ ಇದು ವೈದ್ಯರಿಗಿಂತ ಎರಡು ತಿಂಗಳು ಮೊದಲೇ ಗೊತ್ತಿರುತ್ತದೆ.

ಪುಣೆಯಲ್ಲಿರುವ ಹುಬ್ಬಳ್ಳಿಯವ:

ಸೆಟ್ ಇದೆ. ಅಕ್ಕನವರೇ, ನಿಮ್ಮ ಬರಹ ಓದಿದ ಮೇಲೆ ಆಶ್ರಮದ ಆಯಾ ಅವರಿಗೆ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಮ್ಮಾರು ಉಗಾದಿ ಆದಾಗಿಂದ ರೊಟ್ಟಿ ಸಾರಿನ್ಯಾಗ ನೆನಸಿ ಇಡ್ತಾರ್ರಿ, ಆದ್ರ ತಿನ್ನಂಗಿಲ್ಲ. ಬಳಿ ಮೊಣಕೈತನ ಜಾರ್ತಾವ. ನನ್ನ ಯಾರೂ ಕೇಳಲಿಲ್ರಿ."

ಹಾವೇರಿ ಕಡೆಯ ಆಶ್ರಮದವ:

ನಾನು ಹಾವೇರಿ ಜಿಲ್ಲೆಯಲ್ಲಿ ಒಂದು ಸಣ್ಣ ಆಶ್ರಮ ನಡೆಸುತ್ತೇನೆ. 34 ಜನ ಹಿರಿಯರಿದ್ದಾರೆ. ಆ ರಿಜಿಸ್ಟರನ್ನು ಸಮರ್ಥಿಸಲು ನಾನು ಬಂದಿಲ್ಲ, ಅದು ನಾಚಿಕೆಗೇಡು. ಆದರೆ ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳಬೇಕು. ಒಬ್ಬರ ಬಿಪಿಯನ್ನು ನಿಯಮದ ಪ್ರಕಾರ ನೋಡಿ ಬರೆಯಲು, ಅವರನ್ನು ಕುಳ್ಳಿರಿಸಿ, ತೋಳು ಬಿಚ್ಚಿಸಿ, ಎರಡು ಮಾತಾಡಿ, ಎಂಟು ಹತ್ತು ನಿಮಿಷ ಬೇಕು. 34 ಜನರಿಗೆ ಲೆಕ್ಕ ಹಾಕಿರಿ. ಬೆಳಿಗ್ಗೆ ಸ್ನಾನ, ಚಹಾ, ಉಪ್ಪಿಟ್ಟು, ಗುಳಿಗೆ, ಹಾಸಿಗೆ ಹಿಡಿದವರ ಬಟ್ಟೆ ಬದಲಿಸುವುದು, ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸುವುದು, ಇವೆಲ್ಲದರ ನಡುವೆ ತಪಾಸಣೆಗೆ ಬರುವವರು ಕೇಳುವುದು ತುಂಬಿದ ರಿಜಿಸ್ಟರ್ ಮಾತ್ರ. ಖಾಲಿ ಕಾಲಮ್ ಕಂಡರೆ ನೋಟೀಸು, ಸುಳ್ಳು ಅಂಕಿ ಕಂಡರೆ ಶಹಬ್ಬಾಸ್. ಹಾಗಾಗಿ ಎಲ್ಲರದೂ 120/80.

ಮನೆಯವರ ಪಾಲೂ ಇದೆ. ಸೇರಿಸುವಾಗ ಹಳೆಯ ಡಿಸ್ಚಾರ್ಜ್ ಕಾಗದ ತನ್ನಿ ಎಂದರೆ ತರುವವರು ಕಡಿಮೆ. ಒಬ್ಬರು ತಂದೆಯ ಗುಳಿಗೆಗಳನ್ನು ಚೀಟಿಯಿಲ್ಲದೆ ಒಂದು ಬಿಸ್ಕೀಟ್ ಡಬ್ಬಿಯಲ್ಲಿ ತುಂಬಿಸಿ ಕೊಟ್ಟು ಹೋದರು. ಬಿಚ್ಚಿ ನೋಡಿದರೆ ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಇತ್ತು, ಆ ಯಜಮಾನರು ಎರಡನ್ನೂ ನುಂಗುತ್ತಿದ್ದರು.

ಗದಗಿನ ನಿವೃತ್ತ ನರ್ಸ್:

ಆಶ್ರಮದವರ ಮಾತು ನಿಜ, ಆದುದರಿಂದಲೇ 34 ಜನರ ಬಿಪಿಯನ್ನು ದಿನವೂ ನೋಡುವ ನಿಯಮವನ್ನೇ ನಾನು ಒಪ್ಪುವುದಿಲ್ಲ. ಗುಳಿಗೆ ಬದಲಾದವರದು, ತಲೆ ಸುತ್ತುತ್ತದೆ ಎಂದವರದು, ಆಸ್ಪತ್ರೆಯಿಂದ ಮರಳಿದವರದು ನೋಡಿರಿ. ಸ್ಥಿರವಾಗಿರುವ ಉಳಿದವರಿಗೆ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಅವರವರ ವೈದ್ಯರಿಂದ ಬರೆಸಿಕೊಳ್ಳಿರಿ. ಉಳಿದ ಸಮಯದಲ್ಲಿ ತಿಂಗಳಿಗೊಮ್ಮೆ ಎಲ್ಲರ ತೂಕ ನೋಡಲು ಸಾಧ್ಯ. ಒಬ್ಬರು ನಿನ್ನೆಯಂತಿಲ್ಲ ಎನಿಸಿದ ದಿನ ಅವರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. 12ರಿಂದ 20 ಇರಬೇಕಾದದ್ದು 25 ದಾಟಿದ್ದರೆ, ಜ್ವರವಿಲ್ಲದಿದ್ದರೂ ಎದೆಯಲ್ಲಿ ಸೋಂಕು ಇರಬಹುದು ಎಂದು ತಿಳಿದು ವೈದ್ಯರನ್ನು ಕರೆಯಿರಿ. ವಯಸ್ಸಾದವರಿಗೆ ಜ್ವರ ಬರಲೇಬೇಕೆಂಬ ನಿಯಮವಿಲ್ಲ, ಎಷ್ಟೋ ಸಲ ಥರ್ಮಾಮೀಟರ್ ಸುಮ್ಮನಿರುತ್ತದೆ, ನ್ಯುಮೋನಿಯಾ ಮುಂದುವರಿಯುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಮಾತನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. "ಅರವತ್ತಕ್ಕೆ ಅರಳು ಮರಳು" ಎಂಬ ನಮ್ಮ ಗಾದೆ ಎಷ್ಟು ಜನರನ್ನು ತಡವಾಗಿ ಆಸ್ಪತ್ರೆಗೆ ತಂದಿದೆಯೋ ಲೆಕ್ಕವಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಬರುವ ಮರೆವು ಬೇರೆ. ಮೊನ್ನೆಯವರೆಗೆ ಲೆಕ್ಕ ಹಾಕಿ ಮಾತಾಡುತ್ತಿದ್ದವರು ಇಂದು ಮಗನನ್ನು ತಮ್ಮನೆಂದು ಕರೆದರೆ, ಹಗಲೆಲ್ಲ ಮಂಪರಿನಲ್ಲಿದ್ದು ರಾತ್ರಿ ಗದ್ದಲ ಮಾಡಿದರೆ, ಅದು ಬೇರೆ. ಮೂತ್ರದ ಸೋಂಕು, ಮಲಬದ್ಧತೆ, ಮೂತ್ರ ಕಟ್ಟಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸದಾಗಿ ಕೊಟ್ಟ ನಿದ್ದೆಯ ಗುಳಿಗೆ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು ಮತ್ತು ಬಹುಪಾಲು ಇವು ವಾಸಿಯಾಗುವಂಥವು.

ಶುಗರ್ ಇರುವವರ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಏಕಾದಶಿ, ಶ್ರಾವಣದ ಸೋಮವಾರ, ಶಿವರಾತ್ರಿ ಎಂದು ಅಜ್ಜಿಯರು ಉಪವಾಸ ಮಾಡುತ್ತಾರೆ, ಗುಳಿಗೆ ಹಂಚುವವರು ಮಾತ್ರ ಉಪವಾಸ ನೋಡುವುದಿಲ್ಲ. ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಶುಗರ್ 70ಕ್ಕಿಂತ ಕೆಳಗಿಳಿದು, ಒಮ್ಮೆ ಸಕ್ಕರೆ ಕೊಟ್ಟು ಎಬ್ಬಿಸಿದ ಮೇಲೂ ಗಂಟೆಗಟ್ಟಲೆ ಮತ್ತೆ ಮತ್ತೆ ಇಳಿಯಬಹುದು. ಎಚ್ಚರವಿದ್ದು ನುಂಗುವಂತಿದ್ದರೆ ಮೂರು ಚಮಚ ಸಕ್ಕರೆಯ ನೀರು, ಹದಿನೈದು ನಿಮಿಷದ ಮೇಲೆ ಮತ್ತೆ ತಪಾಸಣೆ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ. ಉಪವಾಸದ ದಿನಗಳ ಪಟ್ಟಿ ಗುಳಿಗೆ ಡಬ್ಬಿಯ ಪಕ್ಕದಲ್ಲಿರಲಿ.

ನವನಗರದ ಎಂಜಿನಿಯರ್:

ಬಿಪಿಯ ವಿಷಯದಲ್ಲಿ ನರ್ಸಕ್ಕನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಕ್ಯಾಮೆರಾವನ್ನು ಬಿಟ್ಟುಕೊಡಲಾರೆ. ಆಯಾಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ ಎಂದಾದರೆ, ಮಗ ತಾನೇ ನೋಡಿದ್ದರೆ ಕೇಳುತ್ತಿದ್ದನಲ್ಲವೇ?

ಮಾಳಮಡ್ಡಿಯ ಅಕ್ಕೋರು:

ನಾನು ಧಾರವಾಡದಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು, ಈಗ 78ರ ವಯಸ್ಸಿನಲ್ಲಿ ಇಂಥದೇ ಒಂದು ಆಶ್ರಮದಲ್ಲಿದ್ದೇನೆ. ಈ ಚರ್ಚೆಯಲ್ಲಿ ಮಗ, ಎಂಜಿನಿಯರ್, ನರ್ಸ್, ವ್ಯವಸ್ಥಾಪಕರು ಎಲ್ಲರೂ ಇದ್ದಾರೆ. ನೋಡಿಸಿಕೊಳ್ಳುವವರು ಯಾರೂ ಕಾಣದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಕೋಣೆಯಲ್ಲಿ ಮೂವರಿದ್ದೇವೆ. ನನ್ನ ಪಕ್ಕದ ಮಂಚದವರ ಮಗಳು ಬೆಂಗಳೂರಿನಿಂದ ಕ್ಯಾಮೆರಾ ತಂದು ಗೋಡೆಗೆ ಹಾಕಿಸಿದಳು. ಆ ಹುಡುಗಿಯ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸೀರೆ ಬದಲಿಸಲು ನಾನು ಮತ್ತು ಇನ್ನೊಬ್ಬರು ಬಚ್ಚಲಿಗೆ ಹೋಗತೊಡಗಿದೆವು, ಒದ್ದೆ ನೆಲದ ಮೇಲೆ, ಒಂಟಿ ಕಾಲಿನಲ್ಲಿ. ಬೀಳುವ ಜಾಗ ಅದೇ, ಅಲ್ಲಿ ಕ್ಯಾಮೆರಾ ಇರುವಂತಿಲ್ಲ. ಅದಕ್ಕಿಂತ ಬಚ್ಚಲಿನ ಗೋಡೆಗೆ ಎರಡು ಹಿಡಿಕೆ, ಮಂಚದಿಂದ ಬಾಗಿಲಿನವರೆಗೆ ರಾತ್ರಿ ಒಂದು ಸಣ್ಣ ದೀಪ ಹಾಕಿಸಿದ್ದರೆ ಮೂವರಿಗೂ ಉಪಯೋಗವಾಗುತ್ತಿತ್ತು.

ಇನ್ನೊಂದು ಮಾತು. ಪ್ರತಿ ವಾರ ನನ್ನ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ಎಷ್ಟಿದೆ ಎಂದು ಕೇಳಿದರೆ "ಬರೋಬ್ಬರಿ ಐತ್ರಿ ಅಕ್ಕೋರ" ಎನ್ನುತ್ತಾರೆ. ಮಕ್ಕಳ ಅಂಕಪಟ್ಟಿಯನ್ನು ಮೂವತ್ತು ವರ್ಷ ಬರೆದವಳಿಗೆ ತನ್ನ ಅಂಕಿಯನ್ನು ತಿಳಿಯುವ ಯೋಗ್ಯತೆ ಇಲ್ಲವೇ?

ವಿದ್ಯಾನಗರದ ವಕೀಲ:

ಕಾನೂನಿನ ಮಾತು ಎರಡೇ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯಿದೆಯ 19ನೆಯ ಕಲಮಿನಲ್ಲಿ ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಕನಿಷ್ಠ 150 ಬಡ ಹಿರಿಯರಿಗೆ, ಎಂದಿದೆ. ಆಶ್ರಮಗಳ ಗುಣಮಟ್ಟ ಮತ್ತು ವೈದ್ಯಕೀಯ ಸೇವೆಯ ನಿಯಮಗಳನ್ನು ಗೊತ್ತುಪಡಿಸುವ ಅಧಿಕಾರವನ್ನೂ ಅದೇ ಕಲಮು ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಹಣ ಪಡೆದು ನಡೆಸುವ ಖಾಸಗಿ ಆಶ್ರಮದ ಸೇವೆಯಲ್ಲಿ ಲೋಪವಾದರೆ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಹಿರಿಯರು ಸ್ವತಃ ಕರೆ ಮಾಡಲು 14567 ಸಹಾಯವಾಣಿ ಇದೆ. ಅಕ್ಕೋರು ಕೇಳಿದ್ದಕ್ಕೆ: ವಿವೇಚನೆ ಸರಿಯಿರುವ ವ್ಯಕ್ತಿಯ ಆರೋಗ್ಯದ ಮಾಹಿತಿ ಮೊದಲು ಅವರಿಗೇ ಸೇರಿದ್ದು, ಮಕ್ಕಳು ಹಣ ಕಟ್ಟುತ್ತಾರೆ ಎಂಬುದರಿಂದ ಅದು ಬದಲಾಗುವುದಿಲ್ಲ.

ಹಾವೇರಿ ಕಡೆಯ ಆಶ್ರಮದವ:

ವಕೀಲ ಸಾಹೇಬರೇ, ನಮಗೆ ಬೇಕಾದ ಕಾನೂನು ರಾತ್ರಿ ಎರಡು ಗಂಟೆಯದು. ಹಿರಿಯರೊಬ್ಬರಿಗೆ ಉಸಿರು ಕಟ್ಟುತ್ತದೆ. ಮಗನ ಫೋನ್ ಎತ್ತುವವರಿಲ್ಲ, ಎತ್ತಿದರೆ "ಬೆಳಗಿನವರೆಗೆ ನೋಡಿ" ಎನ್ನುತ್ತಾರೆ. ಆಸ್ಪತ್ರೆಗೆ ಒಯ್ದರೆ ಸಹಿ ಮಾಡುವವರು ಯಾರು, ಜೊತೆಗೆ ಇರುವವರು ಯಾರು ಎಂದು ಕೇಳುತ್ತಾರೆ. ನಮ್ಮ ರಾತ್ರಿಯ ಇಬ್ಬರು ಆಯಾಗಳಲ್ಲಿ ಒಬ್ಬಳು ಹೋದರೆ ಉಳಿದ 33 ಜನರಿಗೆ ಒಬ್ಬಳೇ. ಒಯ್ಯದಿದ್ದರೆ ಬೆಳಿಗ್ಗೆ ಅದೇ ಮಗ "ಯಾಕ ಒಯ್ಯಲಿಲ್ಲ" ಎಂದು ಜಗಳಕ್ಕೆ ಬರುತ್ತಾರೆ. ಎಷ್ಟು ಚೆನ್ನಾಗಿ ಉಸಿರು ಎಣಿಸಿದರೂ, ಎಣಿಸಿದ ಮೇಲೆ ಮುಂದೇನು ಎಂಬುದು ಗೊತ್ತಿಲ್ಲದಿದ್ದರೆ ಎಣಿಸಿದವಳು ಸುಮ್ಮನಾಗುತ್ತಾಳೆ.

ವಿದ್ಯಾನಗರದ ವಕೀಲ:

ಉತ್ತರವನ್ನು ಸೇರಿಸಿಕೊಳ್ಳುವ ದಿನವೇ ಬರೆಸಿಕೊಳ್ಳಬೇಕು. ಯಾವ ಆಸ್ಪತ್ರೆ, ಯಾರಿಗೆ ಮೊದಲು ಕರೆ, ಅವರು ಸಿಗದಿದ್ದರೆ ಊರಿನಲ್ಲಿರುವ ಯಾವ ನೆಂಟರು ಬರುತ್ತಾರೆ, ತುರ್ತು ಸಂದರ್ಭದಲ್ಲಿ ಕೇಳದೆ ಒಯ್ಯಲು ಒಪ್ಪಿಗೆ ಇದೆಯೇ, ಇಷ್ಟನ್ನು ಒಂದು ಹಾಳೆಯಲ್ಲಿ ಹಿರಿಯರ ಸಹಿಯೊಂದಿಗೆ ಇಟ್ಟುಕೊಳ್ಳಿರಿ. ಗುಣವಾಗದ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಡವೆನ್ನುವವರು ಮುಂಗಡ ವೈದ್ಯಕೀಯ ಇಚ್ಛಾಪತ್ರ ಮಾಡಬಹುದು. ಸುಪ್ರೀಂ ಕೋರ್ಟ್ ಅದನ್ನು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು; ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಸಾಕು.

ಮಾಳಮಡ್ಡಿಯ ಅಕ್ಕೋರು:

ಅದನ್ನು ನಾನು ಬರೆಸಿಟ್ಟಿದ್ದೇನೆ. ಮಗನಿಗಿಂತ ಮೊದಲು ಓದಿಸಿದ್ದು ರಾತ್ರಿ ಪಾಳಿಯ ಆಯಾಗೆ.

ಪುಣೆಯಲ್ಲಿರುವ ಹುಬ್ಬಳ್ಳಿಯವ:

ಕಳೆದ ಶನಿವಾರ ಆಶ್ರಮಕ್ಕೆ ಹೋಗಿದ್ದೆ. ಬದಲಿಸುವ ವಿಚಾರವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಬೇರೆಡೆಯ ರಿಜಿಸ್ಟರ್ ಇದಕ್ಕಿಂತ ಚೆನ್ನಾಗಿ ತುಂಬಿರಬಹುದು ಎಂಬುದೇ ಈಗ ನನ್ನ ಭಯ. ವೈದ್ಯರು ಬಿಪಿಯ ಎರಡು ಗುಳಿಗೆಗಳಲ್ಲಿ ಒಂದನ್ನು ನಿಲ್ಲಿಸಿದ್ದಾರೆ, ಹಲ್ಲಿನ ಸೆಟ್ಟಿಗೆ ಅಳತೆ ಕೊಟ್ಟಾಗಿದೆ, ತೂಕ ಇಳಿದದ್ದಕ್ಕೆ ಬೇರೆ ಕಾರಣವಿದೆಯೇ ಎಂದು ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಾರೆ. ವ್ಯವಸ್ಥಾಪಕರೊಂದಿಗೆ ಮೊದಲ ಅರ್ಧ ಗಂಟೆ ಜಗಳವೇ ಆಯಿತು. ಆಮೇಲೆ ಅವರು ದಿನದ ಬಿಪಿ ಕಾಲಮನ್ನು ತೆಗೆದು, ಆಯಾ ಬರೆಯಲು "ಇಂದು ಏನು ಬೇರೆ ಕಂಡಿತು" ಎಂಬ ಕಾಲಮ್ ಹಾಕಲು ಒಪ್ಪಿದರು. ಬರೆಯಲು ಬಾರದ ಆಯಾ ಹೇಳಿದರೆ ಲೆಕ್ಕ ಬರೆಯುವ ಹುಡುಗ ಬರೆದುಕೊಳ್ಳುತ್ತಾನೆ.

ನಿಲ್ಲಲಾಗದವರ ತೂಕ ಹೇಗೆ ನೋಡುವುದು ಎಂಬ ಪ್ರಶ್ನೆ ಬಂದಾಗ ಅಡುಗೆಯವರೇ ದಾರಿ ತೋರಿಸಿದರು. ಉಗ್ರಾಣದಲ್ಲಿ ಜೋಳದ ಚೀಲ ತೂಗುವ ನೆಲದ ತಕ್ಕಡಿ ಇದೆ. ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಇಬ್ಬರು ಹಿಡಿದು ಕೂರಿಸಿ, ಕುರ್ಚಿಯ ತೂಕ ಕಳೆದರಾಯಿತು. ಅವ್ವ 47 ಕಿಲೋ 600 ಗ್ರಾಂ ಬಂದಳು.

ಮಾಳಮಡ್ಡಿಯ ಅಕ್ಕೋರು:

ಆ ಅಂಕಿಯನ್ನು ನಿಮ್ಮ ತಾಯಿಯವರಿಗೆ ಹೇಳಿದಿರಾ?

ಪುಣೆಯಲ್ಲಿರುವ ಹುಬ್ಬಳ್ಳಿಯವ:

ಹೇಳಿದೆ, ಅಕ್ಕೋರೇ. "ಕುರ್ಚಿ ಹಿಡಕೊಂಡೋ, ಬಿಟ್ಟೋ?" ಎಂದು ಕೇಳಿದಳು.