ಅಜ್ಜನ ಶೇವಿಂಗ್ ಬ್ರಷ್ ಕೈಗೆ ಕಿತ್ತು ಬಂತು, ಏನು ಮಾಡಲಿ?

ಶಿರಸಿ ಕಡೆಯವ:
ಅಟ್ಟ ಗುಡಿಸುವಾಗ ಬಿಸ್ಕತ್ತಿನ ಡಬ್ಬಿಯೊಳಗೆ ಅಜ್ಜನ ಶೇವಿಂಗ್ ಬ್ರಷ್ ಸಿಕ್ಕಿತು. ಮರದ ಹಿಡಿಕೆ, ಬೀಟೆ ಇರಬೇಕು. ಕುತ್ತಿಗೆಗೆ ಹಿತ್ತಾಳೆ ಬಳೆ. ಹೆಬ್ಬೆರಳು ಕೂರುವಲ್ಲಿ ಚೂರು ಸವೆದು ತಗ್ಗಾಗಿದೆ. ಕೂದಲಿಗೆ ಮಾತ್ರ ಬೂಷ್ಟು ವಾಸನೆ.

ಜಾಣತನ ಮಾಡಲು ಹೋಗಿ ಬಚ್ಚಲ ಹಂಡೆಯಿಂದ ಒಂದು ಚೊಂಬು ಕುದಿಯುವಂಥ ನೀರು ತೆಗೆದು, ಬ್ರಷ್ಷನ್ನು ಹಿಡಿಕೆ ಸಮೇತ ಮುಳುಗಿಸಿಟ್ಟೆ. ಚಾ ಕುಡಿದು ಬಂದು ಎತ್ತಿದರೆ ಹಿಡಿಕೆ ಒಂದು ಕೈಯಲ್ಲಿ, ಕೂದಲ ಗೊಂಚಲು ಇನ್ನೊಂದು ಕೈಯಲ್ಲಿ! ತೂತಿನ ತಳದಲ್ಲಿ ಕರಿ ಉಂಡೆಯಂಥದ್ದು ಅಂಟಿಕೊಂಡಿದೆ. ಸೂಪರ್ ಗ್ಲೂ ಹಾಕಿ ಅದೇ ಕೂದಲನ್ನು ವಾಪಸ್ ಕೂರಿಸಬಹುದಾ?

ಕೋಡಿಬಾಗ ಕಾರವಾರ:
ಅಳಬೇಡಿ, ನಿಮ್ಮ ಅದೃಷ್ಟ ಚೆನ್ನಾಗಿದೆ. ಹಳೇ ಬ್ರಷ್ ರಿಪೇರಿ ಮಾಡುವ ನಾವೆಲ್ಲ ಹಳೇ ಕೂದಲನ್ನು ಕತ್ತರಿಸಿ, ಬುಡವನ್ನು ಡ್ರಿಲ್ ಹಾಕಿ ಕೆದಕಿ ತೆಗೆಯುವವರು. ನಿಮ್ಮದು ತಾನಾಗಿ ಬಂದಿದೆ. ಆ ಕರಿ ಉಂಡೆ ರಾಳ ಇರಬಹುದು, ಮೊದಲೆಲ್ಲ ಅದರಲ್ಲೇ ಕೂರಿಸುತ್ತಿದ್ದರು. ಬಿಸಿಗೆ ಮೆತ್ತಗಾಗುತ್ತದೆ. ಕುದಿನೀರಿಗೆ ಹಾಕಿದರೆ ಇನ್ನೇನಾಗುತ್ತದೆ ಹೇಳಿ?

ಮೊದಲು ಹಿಡಿಕೆಯನ್ನು ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಆಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ರಾಳ ಕೆರೆದು ತೆಗೆಯಿರಿ. ತೂತಿನ ಅಗಲ, ಆಳ ಎರಡನ್ನೂ ಮಿಲಿಮೀಟರಿನಲ್ಲಿ ಅಳೆಯಿರಿ. ಸ್ಕೇಲ್ ಬೇಡ, ವರ್ನಿಯರ್ ಬೇಕು, ಅಂದರೆ ತೂತಿನೊಳಗೆ ಇಟ್ಟು ನಿಖರವಾಗಿ ಅಳೆಯುವ ಸಾಧನ. ಹೊಸ ಕೂದಲ ಗೊಂಚಲು ಬಿಡಿಯಾಗಿ ಸಿಗುತ್ತದೆ, ಮಾರುವವರು ನಾಟ್ ಅನ್ನುತ್ತಾರೆ. 20, 22, 24 ಮಿ.ಮೀ. ಹೀಗೆ ಅಳತೆ ಇರುತ್ತದೆ. ತೂತಿಗಿಂತ ಕೂದಲೆಳೆಯಷ್ಟು ಚಿಕ್ಕದು ತಗೊಳ್ಳಿ.

ಅಂಟು ಹಾಕುವ ಮೊದಲು ಸುಮ್ನೆ ಕೂರಿಸಿ ನೋಡಿ. ಹಿಡಿಕೆಯಿಂದ ಮೇಲೆ ಕೂದಲು ಸುಮಾರು 50 ಮಿ.ಮೀ. ನಿಲ್ಲಬೇಕು. ಜಾಸ್ತಿ ಆದರೆ ಜೋಲುತ್ತದೆ, ಕಡಿಮೆ ಆದರೆ ಮುಖಕ್ಕೆ ಚುಚ್ಚುತ್ತದೆ. ತೂತು ಆಳವಾದರೆ ಅಡಿಗೆ ವಾಷರ್ ಹಾಕಿ. ನನ್ನ ಒಂದು ಬ್ರಷ್ಷಿನೊಳಗೆ ಸ್ಟೀಲಿನ ಹತ್ತು ಪೈಸೆ ಮಲಗಿದೆ.

ಸೂಪರ್ ಗ್ಲೂ ಬೇಡವೇ ಬೇಡ. ನೀರಲ್ಲಿ ದಿನಾ ನೆನೆದು ಬಿರುಸಾಗಿ ಒಡೆಯುತ್ತದೆ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಹಾಕಿ, ಅದೂ ಕಡ್ಡಿಯ ತುದಿಯಲ್ಲಿ. ಉಕ್ಕಿ ಕೂದಲಿಗೆ ಹತ್ತಿದರೆ ಆ ಭಾಗ ಕಡ್ಡಿಯಾಗುತ್ತದೆ. ಒಂದು ದಿನ ಮುಟ್ಟಬೇಡಿ.

ಕುಮಟಾ ಮಾಣಿ:
ಮರ ಅಲ್ವಾ, ಹೊರಗೆ ಗೇರುಬೀಜದ ಸಿಪ್ಪೆ ಎಣ್ಣೆ ಬಳಿದುಬಿಡಿ. ನಮ್ಮಲ್ಲಿ ದೋಣಿಗೆ ಬಳಿಯುತ್ತಾರೆ, ಹುಳ ಹತ್ತಿರ ಬರೋದಿಲ್ಲ.

ಕೋಡಿಬಾಗ ಕಾರವಾರ:
ಅಯ್ಯೋ ಮಾರಾಯ, ಆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ! ದೋಣಿ ಮುಖ ತೊಳೆಯುವುದಿಲ್ಲ. ಜೇನುಮೇಣ ತೆಳುವಾಗಿ ತಿಕ್ಕಿದರೆ ಸಾಕು.

ದನದ ಡಾಕ್ಟರು:
ಹಳೇ ಕೂದಲನ್ನು ವಾಪಸ್ ಹಾಕಬೇಡಿ. ನಮ್ಮ ದನಗಳಿಗೆ ಬರುವ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಮೊದಲ ಮಹಾಯುದ್ಧದ ಕಾಲಕ್ಕೆ ಕುದುರೆ ಕೂದಲಿನ ಶೇವಿಂಗ್ ಬ್ರಷ್ಷಿನಿಂದ ಜನರಿಗೆ ಹತ್ತಿತ್ತು. 1920ರಲ್ಲಿ ಬ್ರಿಟನ್ ಜಪಾನಿನ ಬ್ರಷ್ಷುಗಳ ಆಮದನ್ನೇ ನಿಲ್ಲಿಸಿತು. ಆಂಥ್ರಾಕ್ಸ್ ರೋಗಾಣುವಿನ ಬೀಜಕಣ ದಶಕಗಟ್ಟಲೆ ಸಾಯದೆ ಉಳಿಯುತ್ತದೆ. ನಿಮ್ಮ ಅಜ್ಜನ ಬ್ರಷ್ಷಿನಲ್ಲಿ ಅದು ಇರುವ ಸಂಭವ ತೀರಾ ಕಡಿಮೆ. ಆದರೂ ಯಾವ ಪ್ರಾಣಿಯ ಕೂದಲೋ ಗೊತ್ತಿಲ್ಲ, ಉಜ್ಜುವುದು ಬ್ಲೇಡು ಓಡಿಸುವ ಮುಖಕ್ಕೆ. ಹಿಡಿಕೆ ಇಟ್ಟುಕೊಳ್ಳಿ, ಕೂದಲು ಸುಡಿ.

ಶಿರಸಿ ಕಡೆಯವ:
ಎಲ್ಲರಿಗೂ ಥ್ಯಾಂಕ್ಸ್. ರಾಳ ಕೆರೆಯುವಾಗ ಥೇಟ್ ಧೂಪದ ವಾಸನೆ ಬಂತು, ದೇವರ ಕೋಣೆಯಲ್ಲಿ ಕೂತ ಹಾಗಿತ್ತು. ಗ್ಯಾರೇಜಿನವನ ಹತ್ತಿರ ವರ್ನಿಯರ್ ಕೇಳಿ ತಂದೆ. ತೂತು 22.5 ಇತ್ತು, 22ರ ಸಿಂಥೆಟಿಕ್ ತರಿಸಿದೆ. ಹಿತ್ತಾಳೆ ಬಳೆಗೆ ಹುಣಸೆಹಣ್ಣು ತಿಕ್ಕಿದೆ. ಕೂದಲನ್ನು ಬಚ್ಚಲ ಒಲೆಗೆ ಹಾಕಿದ್ದೇ ತಡ, ಏನು ಸುಟ್ಟೆ ಅಂತ ಅಮ್ಮ ಓಡಿ ಬಂದಳು. ಬೈಗುಳ ಬೇರೆ ಕಥೆ.

ಇನ್ನು ಎರಡು ಡೌಟು. ನಮ್ಮಲ್ಲಿ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬ್ರಷ್ ಎಲ್ಲಿಡಲಿ? ನಿನ್ನೆ ಮೊದಲ ಶೇವಿಗೇ ನಾಲ್ಕು ಎಳೆ ಕೆನ್ನೆಗೆ ಅಂಟಿತು, ಅದು ಮಾಮೂಲಾ?

ಕೋಡಿಬಾಗ ಕಾರವಾರ:
ಸಿಂಥೆಟಿಕ್ ತಗೊಂಡಿದ್ದು ಒಳ್ಳೆಯದಾಯಿತು, ಬೇಗ ಒಣಗುತ್ತದೆ. ಸೋಪು ಪೂರ್ತಿ ಹೋಗುವವರೆಗೆ ತೊಳೆದು, ಜಾಡಿಸಿ, ಟವೆಲಿನ ಮೇಲೆ ನಾಲ್ಕು ಸಲ ಸವರಿ. ಬಚ್ಚಲಲ್ಲಿ ಬಿಡಬೇಡಿ, ಡಬ್ಬಿಗೆ ಹಾಕಿ ಮುಚ್ಚಲೂಬೇಡಿ. ನನ್ನದು ಅಡುಗೆಮನೆ ಕಿಟಕಿಯಲ್ಲಿ ನಿಂತಿರುತ್ತದೆ, ಮನೆಯವಳ ಗೊಣಗಾಟದ ನಡುವೆ. ಬಿಸಿನೀರು ಕೈಗೆ ಹಿತವಾಗುವಷ್ಟೇ ಇರಲಿ. ಹಿಡಿಕೆ ಮುಳುಗಿಸಬೇಡಿ, ಕೂದಲು ಮಾತ್ರ.

ಮೊದಲ ಕೆಲವು ಶೇವಿಗೆ ನಾಲ್ಕೈದು ಎಳೆ ಉದುರುವುದು ಮಾಮೂಲು. ಎರಡು ವಾರ ಆದ ಮೇಲೂ ಉದುರುತ್ತಿದ್ದರೆ ನಾಟ್ ಮಾರಿದವನಿಗೆ ಫೋನ್ ಮಾಡಿ. ಪೂರ್ತಿ ಗೊಂಚಲೇ ಅಲ್ಲಾಡಿದರೆ ಮಾತ್ರ ನನಗೆ ಬೈಯಿರಿ.